ಅಡಿಕೆ ಮಂಡಿಯ ಮೇಜಿನ ಮೇಲೆ ಒಂದು ಬಿ.ಪಿ. ಯಂತ್ರ: ಸುಗ್ಗಿಯುದ್ದಕ್ಕೂ ಬಳಸಿ ನೋಡಿದ ಮೇಲೆ

ಕಳೆದ ದೀಪಾವಳಿ ಮುಗಿದ ಮರುವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿ 2,150 ರೂಪಾಯಿ ಕೊಟ್ಟು ಒಂದು ಬಿ.ಪಿ. ಯಂತ್ರ ಕೊಂಡೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು, ತಾನೇ ಬಿಟ್ಟು, ಮೇಲಿನ ಒತ್ತಡ, ಕೆಳಗಿನ ಒತ್ತಡ, ನಾಡಿಬಡಿತ ಎಂದು ಮೂರು ಅಂಕಿ ತೋರಿಸುವ ಸಾಧಾರಣ ಯಂತ್ರ. ಅಡಿಕೆ ಸುಗ್ಗಿಯ ನಾಲ್ಕು ತಿಂಗಳೂ ಅದು ಮನೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಹೊತ್ತು ನಾನು ಕೆಲಸ ಮಾಡುವ ಮಂಡಿಯ ಮೇಜಿನ ಮೇಲೆಯೇ ಇತ್ತು. ಹನ್ನೊಂದು ಜನರ ತೋಳಿಗೆ ಸುತ್ತಿ ನೋಡಿದ್ದೇನೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರ ಕೊರತೆಗಳನ್ನೂ ಮುಂದೆ ಹೇಳಬೇಕಾಗಿದೆ, ಈ ಬೆಲೆಯ ಬೇರೆ ಯಂತ್ರಗಳಲ್ಲೂ ಅಂಥವು ಇರುತ್ತವೆ.

ನಾನು ಇಪ್ಪತ್ತೆರಡು ವರ್ಷದಿಂದ ಮಂಡಿಯ ಗುಮಾಸ್ತ. ಊರು ತೀರ್ಥಹಳ್ಳಿ ಸೀಮೆ, ವಯಸ್ಸು 47. ರೈತರು ತಂದ ಚೀಲ ಇಳಿಯುವಾಗ ಎಣಿಸುವುದು, ತೂಕ ಬರೆಯುವುದು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಮಾಡಿ ಟೆಂಡರಿಗೆ ಹಾಕುವುದು, ದರ ಬಂದ ಮೇಲೆ ಬಿಲ್ಲು ಮಾಡುವುದು ನನ್ನ ಕೆಲಸ. ನಮ್ಮ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಅರ್ಧ ಕಿಲೋ ವ್ಯತ್ಯಾಸ ಬಂದರೆ ರೈತರು ಬಿಡುವುದಿಲ್ಲ, ಬಿಡಲೂ ಬಾರದು. ಅಡಿಕೆಯ ತೂಕಕ್ಕೆ ಇಷ್ಟು ಎಚ್ಚರವಿರುವ ಜಾಗದಲ್ಲಿ ಅದನ್ನು ಹೊರುವವರ, ಸಾಗಿಸುವವರ, ಲೆಕ್ಕ ಬರೆಯುವವರ ರಕ್ತದೊತ್ತಡವನ್ನು ಒಂದು ದಿನವೂ ಯಾರೂ ಅಳೆದಿರಲಿಲ್ಲ.

ಯಂತ್ರ ಕೊಳ್ಳಲು ಒಂದು ಹೆಬ್ಬೆಟ್ಟಿನ ಗುರುತು ಕಾರಣ. ನಮ್ಮಲ್ಲಿ ಅಡಿಕೆ ಹೇರಿಕೊಂಡು ಹೋಗುವ ಲಾರಿ ಚಾಲಕರೊಬ್ಬರು ಹದಿನೈದು ವರ್ಷ ನನ್ನ ಲೋಡಿನ ಪುಸ್ತಕದಲ್ಲಿ ಸಹಿ ಹಾಕಿದ್ದರು. ದುಂಡನೆಯ ಅಕ್ಷರ, ಕೊನೆಗೊಂದು ಉದ್ದ ಬಾಲ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಬರುತ್ತ ಮಂಡಗದ್ದೆಯಲ್ಲಿ ಚಹಾ ಕುಡಿಯಲು ಇಳಿದವರು, ಕೈಯಲ್ಲಿದ್ದ ಲೋಟ ಜಾರಿ, ತಾವೂ ಕುಸಿದರು. ಲಕ್ವ ಹೊಡೆದಿತ್ತು. ವಯಸ್ಸು 44. ಆಸ್ಪತ್ರೆ ತಲುಪಿದಾಗ ಮೇಲಿನ ಅಂಕಿ 210 ಇತ್ತಂತೆ. "ಒಂದು ದಿನ ಜ್ವರ ಎಂದು ಮಲಗಿದವರಲ್ಲ ಅಣ್ಣ" ಎಂದು ಅವರ ಹೆಂಡತಿ ನನ್ನೊಂದಿಗೆ ಎರಡು ಸಲ ಹೇಳಿದರು. ಬಾಕಿ ಬಾಡಿಗೆ ತೆಗೆದುಕೊಳ್ಳಲು ಮಗನ ಹೆಗಲು ಹಿಡಿದು ಬಂದ ದಿನ ನಾನು ರೂಢಿಯಂತೆ ಪೆನ್ನು ಚಾಚಿದೆ. ಅವರು ಬಲಗೈ ಎತ್ತಲಿಲ್ಲ. ಎಡಗೈಯ ಹೆಬ್ಬೆರಳನ್ನು ಶಾಯಿಗೆ ಒತ್ತಿ ಪುಸ್ತಕದ ಮೇಲೆ ಊರಿದರು. ಆ ಪುಟದಲ್ಲಿ ಮೇಲಿನ ಸಾಲುಗಳಲ್ಲೆಲ್ಲ ಬಾಲದ ಸಹಿ, ಕೆಳಗೊಂದು ನೀಲಿ ಹೆಬ್ಬೆಟ್ಟು. ಅವರಿಗೆ ರಕ್ತದೊತ್ತಡ ಎಷ್ಟು ವರ್ಷದಿಂದ ಇತ್ತೆಂದು ಹೇಳಲು ಯಾರ ಬಳಿಯೂ ಒಂದೇ ಒಂದು ಅಂಕಿ ಇರಲಿಲ್ಲ.

ಮೊದಲು ಹೋದ ಅಂಗಡಿಯಲ್ಲಿ ಮಣಿಕಟ್ಟಿಗೆ ಕಟ್ಟುವ ಚಿಕ್ಕ ಯಂತ್ರ ತೋರಿಸಿದರು. ಜೇಬಿನಲ್ಲಿ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಅದು ಬೇಡವೆಂದು ಮಗಳು ಮೊದಲೇ ಹೇಳಿದ್ದಳು. ಅವಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮಣಿಕಟ್ಟಿನ ಯಂತ್ರ ಸರಿಯಾಗಿ ತೋರಿಸಬೇಕಾದರೆ ಕೈಯನ್ನು ಎದೆಯ ಮಟ್ಟದಲ್ಲೇ ಹಿಡಿದಿರಬೇಕು. ಕೈ ಸ್ವಲ್ಪ ಕೆಳಗಿಳಿದರೂ ಅಂಕಿ ಮೇಲೇರುತ್ತದೆ. ನನ್ನ ಷಡ್ಡಕರ ಮನೆಯಲ್ಲಿ ಅಂಥದ್ದೊಂದಿದೆ. ಒಂದೇ ಕೂತ ಜಾಗದಲ್ಲಿ ಕೈಯನ್ನು ತೊಡೆಯ ಮೇಲಿಟ್ಟು ಒಮ್ಮೆ, ಎದೆಯ ಮಟ್ಟಕ್ಕೆ ಎತ್ತಿ ಒಮ್ಮೆ ನೋಡಿದಾಗ ಹದಿನೈದಕ್ಕೂ ಹೆಚ್ಚು ವ್ಯತ್ಯಾಸ ಬಂತು. ಹಾಗಾಗಿ ಎರಡನೆಯ ಅಂಗಡಿಗೆ ಹೋಗಿ ತೋಳಿಗೆ ಕಟ್ಟುವುದನ್ನೇ ಕೊಂಡೆ.

ಕೊಂಡ ಮೂರನೆಯ ದಿನ ಅದನ್ನು ನಮ್ಮ ವೈದ್ಯರ ಬಳಿ ಒಯ್ದೆ. ತೂಕದ ಯಂತ್ರದ ಜೊತೆ ಬದುಕಿದವನಿಗೆ ಹೊಸ ಅಳತೆಯನ್ನು ಪರೀಕ್ಷಿಸದೆ ನಂಬುವುದು ಆಗದ ಮಾತು. ವೈದ್ಯರು ತಮ್ಮ ಉಪಕರಣದಿಂದ ನೋಡಿ, ಎರಡು ನಿಮಿಷ ಬಿಟ್ಟು ನನ್ನದರಿಂದಲೂ ನೋಡಿದರು. ಮೂರು ಸಲ ಹೀಗೆ ಮಾಡಿದಾಗ ವ್ಯತ್ಯಾಸ ನಾಲ್ಕು ದಾಟಲಿಲ್ಲ. ಇಂಥ ಯಂತ್ರಗಳಿಗೆ ಅಂತರರಾಷ್ಟ್ರೀಯ ಮಾನದಂಡದಲ್ಲಿ ಸರಾಸರಿ 5ರವರೆಗಿನ ವ್ಯತ್ಯಾಸವನ್ನು ಒಪ್ಪುತ್ತಾರಂತೆ. ಅಲ್ಲಿಗೆ ನನ್ನ ಮಟ್ಟಿಗೆ ಮುದ್ರೆ ಬಿದ್ದಂತಾಯಿತು.

ಅಂದು ವೈದ್ಯರ ಕೋಣೆಯಲ್ಲಿ ನನ್ನ ಅಂಕಿ 132/84. "ಸದ್ಯಕ್ಕೆ ಗಾಬರಿ ಇಲ್ಲ, ಆದರೆ ಬರೆದಿಟ್ಟುಕೊಳ್ಳಿ" ಎಂದರು. ಬರೆಯುವುದು ನನ್ನ ಕಸುಬು. ಬೆಳಿಗ್ಗೆ ಮನೆಯಲ್ಲಿ ಎರಡು ಸಲ, ರಾತ್ರಿ ಎರಡು ಸಲ, ಅದರ ಜೊತೆಗೆ ಮಧ್ಯಾಹ್ನ ಟೆಂಡರ್ ದರ ಬರುವ ಹೊತ್ತಿಗೆ ಮಂಡಿಯಲ್ಲಿ ಎರಡು ಸಲ ನೋಡಿ ಬರೆಯತೊಡಗಿದೆ.

ಅಳೆಯುವ ಕ್ರಮವನ್ನು ಮಗಳು ಹೇಳಿಕೊಟ್ಟಳು. ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಹೊಗೆಸೊಪ್ಪಿನ ಎಲೆಅಡಿಕೆ ಯಾವುದೂ ಇರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನು ಕುರ್ಚಿಗೆ ಒರಗಿರಬೇಕು, ಪಾದ ನೆಲಕ್ಕೆ ಊರಿರಬೇಕು. "ಅಪ್ಪ, ಕಾಲ ಮೇಲೆ ಕಾಲು ಹಾಕಬೇಡ" ಎಂದು ಮೊದಲ ವಾರದಲ್ಲಿ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಆಸರೆ ಪಡೆದಿರಬೇಕು. ನಮ್ಮ ಮಂಡಿಯ ಮೇಜು ತಗ್ಗು, ಅದಕ್ಕೆ ಹಳೆಯ ಖಾತೆ ಪುಸ್ತಕ ಎರಡನ್ನು ಒಂದರ ಮೇಲೊಂದು ಇಟ್ಟು ಎತ್ತರ ಸರಿಮಾಡಿಕೊಂಡೆ. ಇದು ಅತಿ ಸೂಕ್ಷ್ಮದ ಮಾತೆಂದು ಯಾರೂ ತಳ್ಳಿಹಾಕಬಾರದು. ಅಮೆರಿಕದಲ್ಲಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೋಳನ್ನು ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟಾಗ 6ಕ್ಕೂ ಹೆಚ್ಚು ಏರಿತ್ತು. ಇವೆಲ್ಲಕ್ಕಿಂತ ಕಷ್ಟದ್ದು ಐದು ನಿಮಿಷ ಮಾತಿಲ್ಲದೆ ಕೂರುವುದು. ಸುಗ್ಗಿಯ ಮಂಡಿಯಲ್ಲಿ ಐದು ನಿಮಿಷದ ಮೌನವನ್ನು ದುಡ್ಡು ಕೊಟ್ಟರೂ ಕೊಳ್ಳಲಾಗದು. ಬಾಗಿಲು ಹಾಕಿ, ಫೋನನ್ನು ಯಜಮಾನರ ಕೈಗೆ ಕೊಟ್ಟು ಕೂರುತ್ತಿದ್ದೆ.

ಎರಡು ವಾರದ ಪುಟ ತೆರೆದಾಗ ಒಂದು ಸಂಗತಿ ಕಣ್ಣಿಗೆ ಹೊಡೆದು ಕಂಡಿತು. ಭಾನುವಾರ ಊರಿನಲ್ಲಿ ಇದ್ದಾಗ 126/80, 128/82. ವಾರದ ದಿನ ಮನೆಯಲ್ಲಿ 136, 138. ಮಂಡಿಯಲ್ಲಿ ಟೆಂಡರ್ ಹೊತ್ತಿಗೆ 152/96, 156/98, ಒಂದು ದಿನ 160/100. ದರ ಕುಸಿದ ದಿನ ಇನ್ನೂ ಹೆಚ್ಚು ಇರಬಹುದೆಂದು ಎಣಿಸಿದ್ದೆ. ಹಾಗೇನೂ ಇರಲಿಲ್ಲ, ದರ ಏರಿದ ದಿನವೂ ಅಷ್ಟೇ. ನನ್ನ ಮೈಗೆ ಅಡಿಕೆಯ ಬೆಲೆಯ ಪರಿವೆ ಇಲ್ಲ. ಒಂದೇ ಹೊತ್ತಿಗೆ ಹತ್ತು ಜನ ಕಿಟಕಿಗೆ ಬಂದು ನಿಲ್ಲುವುದು, ತಪ್ಪಿದರೆ ನನ್ನ ತಲೆಗೆ ಬರುವ ಲೆಕ್ಕ, ದರ ನಿರ್ಧರಿಸುವುದರಲ್ಲಿ ನನ್ನದೇನೂ ಇಲ್ಲದಿದ್ದರೂ ಬೈಗುಳ ಮಾತ್ರ ನನಗೇ ಬೀಳುವುದು, ಇವುಗಳನ್ನು ಮೈ ಲೆಕ್ಕ ಇಡುತ್ತದೆ. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲೇ ಈ ಮಾತನ್ನು ಮಂಡಿಸಿದ್ದರೆಂದು ಮಗಳು ತನ್ನ ಪಾಠದಿಂದ ಓದಿ ಹೇಳಿದಳು. ಕೆಲಸದ ಬೇಡಿಕೆ ಹೆಚ್ಚು, ಆ ಕೆಲಸದ ಮೇಲೆ ಸ್ವಂತ ಹಿಡಿತ ಕಡಿಮೆ, ಈ ಎರಡೂ ಕೂಡಿದ ಕಡೆ ಮನುಷ್ಯ ಹೆಚ್ಚು ನಲುಗುತ್ತಾನೆ ಎಂದು. ಕೇಳಿದಾಗ ನನ್ನ ಕಿಟಕಿಯೇ ನೆನಪಿಗೆ ಬಂತು.

ಪುಸ್ತಕ ನೋಡಿದ ವೈದ್ಯರು ಮುಖ ಗಂಭೀರ ಮಾಡಿಕೊಂಡರು. ತಮ್ಮ ಕೋಣೆಯಲ್ಲಿ ಸರಿಯಾಗಿ ಕಂಡು, ಹೊರಗಿನ ದಿನಚರಿಯಲ್ಲಿ ಏರಿರುವುದಕ್ಕೆ ಮರೆಯಲ್ಲಿರುವ ರಕ್ತದೊತ್ತಡ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಸಿಕ್ಕಿಬೀಳುವುದಿಲ್ಲ ಎಂದು ಅದು ಸೌಮ್ಯವೇನಲ್ಲ ಎಂದು ವಿವರಿಸಿದರು. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯ ಅಳತೆಗೆ 135/85 ಗಡಿ. ಕೆನಡಾದ ಕ್ವಿಬೆಕ್‌ನಲ್ಲಿ 3,500ಕ್ಕೂ ಹೆಚ್ಚು ಕಚೇರಿ ನೌಕರರನ್ನು ಐದು ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೆ 49 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಈ ಮರೆಯ ಒತ್ತಡದ ಸಾಧ್ಯತೆ, 35 ಗಂಟೆಗಿಂತ ಕಡಿಮೆ ದುಡಿಯುವವರಿಗಿಂತ ಶೇ 70ರಷ್ಟು ಹೆಚ್ಚಾಗಿ ಕಂಡಿತ್ತು. ಸುಗ್ಗಿಯಲ್ಲಿ ನನ್ನ ವಾರ 66 ಗಂಟೆಯದು. ಒಂದು ಹಗಲು ಒಂದು ರಾತ್ರಿ ತೋಳಿನಲ್ಲೇ ಇದ್ದು ಅರ್ಧ ಗಂಟೆಗೊಮ್ಮೆ ತಾನೇ ಅಳೆಯುವ ಯಂತ್ರವನ್ನೂ ಕಟ್ಟಿ ನೋಡಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಹೀಗೆ 2,150 ರೂಪಾಯಿಯ ಮೊದಲ ಫಲ ನನಗೇ ಸಿಕ್ಕಿತು.

ಎರಡನೆಯ ತೋಳು ನಮ್ಮ ಹಮಾಲರ ಮೇಸ್ತ್ರಿಯದು. ಐವತ್ತೆರಡರ ಪ್ರಾಯ, ಅರವತ್ತು ಕಿಲೋ ಮೀರಿದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತುವವರು. "ಬೆವರು ಹರಿಸುವವನಿಗೆ ಎಲ್ಲಿಯ ಬಿ.ಪಿ. ಗುಮಾಸ್ತರೇ? ಅದು ಕೂತು ಉಣ್ಣುವವರ ಕಾಯಿಲೆ" ಎಂದರು. ನನ್ನ ಮೇಲಿನ ವಿಶ್ವಾಸಕ್ಕೆ ಕೂತರು. ತೋಳುಪಟ್ಟಿ ಸುತ್ತಿದೆ. ಹಲಸಿನ ಕೊರಡಿನಂಥ ತೋಳು. ವೆಲ್ಕ್ರೋ ಅಂಚು ಎರಡು ಬೆರಳಷ್ಟು ಮಾತ್ರ ಹಿಡಿಯಿತು. ಗಾಳಿ ತುಂಬುತ್ತಿದ್ದಂತೆ ಪರ್ರನೆ ಬಿಚ್ಚಿಕೊಂಡು ಪಟ್ಟಿ ಮೇಜಿನ ಮೇಲೆ ಬಿತ್ತು. ಮತ್ತೆ ಸುತ್ತಿ, ಅಂಚನ್ನು ಬೆರಳಿನಿಂದ ಒತ್ತಿ ಹಿಡಿದೆ. 176/106.

ಯಂತ್ರದ ಕೊರತೆ ಎಂದೆನಲ್ಲ, ಅದು ಇಲ್ಲಿದೆ. ಡಬ್ಬಿಯ ಜೊತೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಮಾತ್ರ. ಅದನ್ನು ಡಬ್ಬಿಯ ಮಗ್ಗುಲಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ. ಅಂಗಡಿಯಲ್ಲಿ ಯಾರೂ ನನ್ನ ತೋಳು ಅಳೆಯಲಿಲ್ಲ, ಕೇಳಲೂ ಇಲ್ಲ. ದರ್ಜಿಯಿಂದ ಟೇಪು ತರಿಸಿ ಅಳೆದಾಗ ಮೇಸ್ತ್ರಿಯ ತೋಳು 35 ಸೆಂಟಿಮೀಟರ್. ಪಟ್ಟಿ ಚಿಕ್ಕದಾದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದ ಮತ್ತೊಂದು ಅಧ್ಯಯನ, 2023ರದು, ಇದನ್ನು ಚೆನ್ನಾಗಿ ತೋರಿಸಿದೆ: ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ ಸುಮಾರು 5 ಹೆಚ್ಚು ಬರುತ್ತದೆ, ಅತಿ ದೊಡ್ಡದು ಬೇಕಾದವರಿಗೆ ಕಟ್ಟಿದರೆ ಸುಮಾರು 20 ಹೆಚ್ಚು. ದುಡಿಮೆಯಿಂದ ತೋಳು ತೋರವಾದವರಿಗೆ ಡಬ್ಬಿಯಲ್ಲಿ ಜಾಗವೇ ಇಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ ಎನಿಸಿತು. ದೊಡ್ಡ ಪಟ್ಟಿಯನ್ನು 850 ರೂಪಾಯಿಗೆ ಬೇರೆಯಾಗಿ ತರಿಸಬೇಕಾಯಿತು, ಬರಲು ಒಂಬತ್ತು ದಿನ. ಅದನ್ನು ಕಟ್ಟಿ ನೋಡಿದಾಗ 168/102. ಪಟ್ಟಿಯ ತಪ್ಪು ಎಂಟು ಅಂಕಿಯಷ್ಟಿತ್ತು. ಉಳಿದುದೆಲ್ಲ ಮೇಸ್ತ್ರಿಯದೇ.

ಆ ಒಂಬತ್ತು ದಿನದಲ್ಲಿ ನಾವು ಬಹಳ ಮಾತಾಡಿದೆವು. ಸಂಜೆ ಕೆಲಸ ಮುಗಿಸಿದ ಮೇಲೆ ಅವರು ಅಂಗಿಯ ಜೇಬಿನಿಂದ ಒಂದು ಮಾತ್ರೆಯ ಹಾಳೆ ತೆಗೆದು ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಳ್ಳುವುದನ್ನು ಅದುವರೆಗೆ ನೂರು ಸಲ ನೋಡಿದ್ದೆ. ಅದೇನೆಂದು ಕೇಳಿದ್ದು ಅದೇ ಮೊದಲು. "ಸೊಂಟಕ್ಕೆ. ಇದಿಲ್ಲದಿದ್ದರೆ ನಾಳೆ ಏಳಲು ಆಗುವುದಿಲ್ಲ" ಎಂದರು. ಹಾಳೆಯ ಹಿಂಬದಿಯಲ್ಲಿ ಡೈಕ್ಲೋಫೆನಾಕ್ ಎಂದಿತ್ತು. ಆರು ವರ್ಷದಿಂದ, ಚೀಟಿ ಇಲ್ಲದೆ, ಹೆಚ್ಚು ಕಡಿಮೆ ದಿನಾ. ಮಗಳಿಗೆ ಫೋನು ಮಾಡಿ ಓದಿ ಹೇಳಿದೆ. ಆ ಕಡೆ ಅವಳು ಒಂದು ಕ್ಷಣ ಮಾತಾಡಲಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ನಿಲ್ಲುವಂತೆ ಮಾಡಿ ರಕ್ತದೊತ್ತಡ ಏರಿಸುತ್ತವೆ, ಬಿ.ಪಿ. ಮಾತ್ರೆಯ ಕೆಲಸವನ್ನೂ ಕುಗ್ಗಿಸುತ್ತವೆ, ವರ್ಷಗಟ್ಟಲೆ ತಿಂದರೆ ಮೂತ್ರಪಿಂಡಕ್ಕೂ ಕೇಡು ಎಂದಳು. ಚೀಲ ಸೊಂಟವನ್ನು ಕೆಡಿಸಿತು, ಸೊಂಟ ಮಾತ್ರೆಯನ್ನು ತಂದಿತು, ಮಾತ್ರೆ ಒತ್ತಡವನ್ನು ಏರಿಸಿತು. ಕಸುಬು ಮನುಷ್ಯನ ರಕ್ತನಾಳದವರೆಗೆ ಇಳಿಯುವ ದಾರಿ ಹೀಗೂ ಇದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಮಂಡಿಯ ಐವರು ಹಮಾಲರಲ್ಲಿ ನಾಲ್ವರ ಜೇಬಿನಲ್ಲಿ ಅದೇ ಹಾಳೆ ಇತ್ತು.

ಬೆವರಿನ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅದನ್ನು ನಂಬಿದವರು ಬಹಳ. 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ, ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದರು. ಇಡೀ ಜಗತ್ತಿಗೆ ವ್ಯಾಯಾಮದ ಬೆಲೆ ತಿಳಿಸಿದ ಅಧ್ಯಯನಗಳಲ್ಲಿ ಅದೂ ಒಂದು. ಹಾಗಾದರೆ ನಮ್ಮ ಮೇಸ್ತ್ರಿ ಹೇಳಿದ್ದು ಸರಿಯೇ ತಾನೇ ಎನಿಸಬಹುದು. ಮೆಟ್ಟಿಲು ಹತ್ತುವುದು ಬೇರೆ, ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇರೆ. ಚೀಲ ಬೆನ್ನಿಗೇರುವ ಕ್ಷಣ ಸ್ನಾಯುಗಳು ಬಿಗಿದು ಒತ್ತಡ ಒಮ್ಮೆಲೇ ಜಿಗಿಯುತ್ತದೆ. ಹೀಗೆ ದಿನಕ್ಕೆ ಇನ್ನೂರು ಸಲ, ಹತ್ತು ಗಂಟೆ, ನಡುವೆ ದಣಿವಾರಿಸಿಕೊಳ್ಳಲು ಬಿಡುವಿಲ್ಲ. ವಾಕಿಂಗ್ ಹೋಗುವವರು ತಮಗೆ ಬೇಕಾದಾಗ ನಿಲ್ಲಬಹುದು, ಹಮಾಲರು ನಿಲ್ಲುವಂತಿಲ್ಲ. ಬಿಡುವಿನ ವೇಳೆಯ ವ್ಯಾಯಾಮ ಹೃದಯಕ್ಕೆ ಕೊಡುವ ರಕ್ಷಣೆ ಭಾರ ಹೊರುವ ದುಡಿಮೆಯಿಂದ ಸಿಗುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರೂ ಬರೆದಿದ್ದಾರೆ.

ಇದರ ಮೇಲೆ ಉಪ್ಪು. ಬೆವರು ಹೋದದ್ದಕ್ಕೆ ಉಪ್ಪು ತುಂಬಿಕೊಳ್ಳಬೇಕೆಂದು ಮಜ್ಜಿಗೆಗೆ ಹಿಡಿ ಉಪ್ಪು ಹಾಕಿ ಕುಡಿಯುತ್ತಾರೆ. ಊಟಕ್ಕೆ ಮಿಡಿ ಉಪ್ಪಿನಕಾಯಿ, ಮಜ್ಜಿಗೆ ಮೆಣಸು, ಹಪ್ಪಳ. ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟು ಉಣ್ಣುವುದು ನಮ್ಮ ಮಲೆನಾಡಿನ ರೂಢಿ, ನನ್ನ ನಾಲಿಗೆಯೂ ಅದರಲ್ಲೇ ಬೆಳೆದದ್ದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ. ಮಂಡಿಯ ತಕ್ಕಡಿಯಲ್ಲಿ ತೂಗಿ ನೋಡಿದರೆ ಎರಡು ಮಿಡಿ ಮತ್ತು ಒಂದು ಲೋಟ ಮಜ್ಜಿಗೆಯಲ್ಲೇ ಅದರ ಬಹುಪಾಲು ಮುಗಿಯುತ್ತದೆ.

ಚಾಲಕರ ವಿಷಯವೇ ಬೇರೆ. ಹಮಾಲರಿಗೆ ತಮಗೆ ಬಿ.ಪಿ. ಬರಬಹುದೆಂದು ತಿಳಿದಿರಲಿಲ್ಲ. ಚಾಲಕರಿಗೆ ತಿಳಿದಿತ್ತು, ಅದಕ್ಕೇ ತೋಳು ಕೊಡಲು ಹಿಂಜರಿದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮಂಜಿನಲ್ಲಿ ಇಳಿಸಿ ಹತ್ತಿಸಿ ಬಂದ ಒಬ್ಬರು, ಭಾವನಂತೆ ಸಲಿಗೆಯವರು, ಯಂತ್ರ ನೋಡಿದ್ದೇ ಹೊರಗೆ ನಡೆದರು. ಹಿಂದೆ ಹೋಗಿ ಕೇಳಿದೆ. "ಅಂಕಿ ಹೆಚ್ಚು ಬಂದರೆ ನೀವು ಬರೆದಿಡುತ್ತೀರಿ. ನಾಳೆ ಮಾಲೀಕರಿಗೆ ಗೊತ್ತಾಗುತ್ತದೆ. ಪರವಾನಗಿ ನವೀಕರಣಕ್ಕೆ ಡಾಕ್ಟರ ಪ್ರಮಾಣಪತ್ರ ಬೇಕು. ಲಾರಿ ಬಿಟ್ಟರೆ ನನಗೇನು ಬರುತ್ತದೆ ಭಾವ?" ಎಂದರು. ನಾನು ಬಹಳ ಹೊತ್ತು ಉತ್ತರ ಹುಡುಕಿದೆ. ಕೊನೆಗೆ ಲೋಡಿನ ಪುಸ್ತಕ ತೆರೆದು ಆ ನೀಲಿ ಹೆಬ್ಬೆಟ್ಟಿನ ಪುಟ ತೋರಿಸಿದೆ. ಅವರಿಗೂ ಆ ಸಹಿ ಪರಿಚಯವಿತ್ತು. ಬಾಗಿಲು ಮುಚ್ಚಿ ಕೂತರು. 158/98. ಚೀಟಿಯಲ್ಲಿ ಬರೆದು ಅವರ ಕೈಗೇ ಕೊಟ್ಟೆ, ನನ್ನ ಪುಸ್ತಕದಲ್ಲಿ ಬರೆಯಲಿಲ್ಲ. ಅಂದಿನಿಂದ ಯಾರದ್ದೂ ಅಂಕಿಯನ್ನು ಅವರು ಹೇಳದೆ ಬರೆಯುವುದಿಲ್ಲ. ಯಂತ್ರದ ನೆನಪಿನಲ್ಲಿ ಅರವತ್ತು ಅಳತೆ ಉಳಿಯುತ್ತವೆ, ಅದನ್ನೂ ಪ್ರತಿ ಸಂಜೆ ಅಳಿಸುತ್ತೇನೆ. ಕೆಲಸದ ಜಾಗದಲ್ಲಿ ಇಂಥ ಯಂತ್ರ ಇಡುವವರು ಈ ಒಂದು ಮಾತನ್ನು ಮೊದಲೇ ಯೋಚಿಸಿಕೊಳ್ಳಬೇಕು. ಹೊಟ್ಟೆಪಾಡಿನ ಭಯ ಇರುವವರಿಗೆ ತಿಳಿವಳಿಕೆ ಹೇಳಿದರೆ ಸಾಲದು, ಅವರ ಅಂಕಿ ಅವರದೇ ಆಗಿ ಉಳಿಯುತ್ತದೆ ಎಂಬ ಧೈರ್ಯವೂ ಬೇಕು.

ಊರಿಗೂ ಒಮ್ಮೆ ಒಯ್ದಿದ್ದೆ. ಡಿಸೆಂಬರಿನಲ್ಲಿ ನಮ್ಮ ಮನೆಯಂಗಳದಲ್ಲಿ ಅಡಿಕೆ ಸುಲಿತ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಕೂರುತ್ತಾರೆ, ಮನೆಗೆ ಹೋಗಿ ಮತ್ತೆ ಐದಕ್ಕೆ ಏಳುತ್ತಾರೆ. ನಮ್ಮ ಅತ್ತಿಗೆಗೆ 148/92 ಬಂತು. "ಬಸುರಿಯಾಗಿದ್ದಾಗ ಒಮ್ಮೆ ಬಿ.ಪಿ. ಏರಿತ್ತು, ಹೆರಿಗೆಯಾದ ಮೇಲೆ ಯಾರೂ ನೋಡಲಿಲ್ಲ" ಎಂದರು. ಬಸಿರಿನಲ್ಲಿ ಏರಿದವರಿಗೆ ಮುಂದೆಯೂ ಬರುವ ಸಾಧ್ಯತೆ ಹೆಚ್ಚು. ಅವರ ಮಗನಿಗೆ ಈಗ ಹತ್ತೊಂಬತ್ತು ವರ್ಷ. ಆಶಾ ಕಾರ್ಯಕರ್ತೆ ಮರುದಿನವೇ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು, ಮಾತ್ರೆಯೂ ಅಲ್ಲೇ ಉಚಿತವಾಗಿ ಸಿಕ್ಕಿತು.

ಮಂಡಿಯ ರಾತ್ರಿ ಕಾವಲುಗಾರರಿಗೆ 140/86 ಬಂದಿತ್ತು. ಸಾಮಾನ್ಯವಾಗಿ ನಿದ್ದೆಯಲ್ಲಿ ಒತ್ತಡ ಶೇ 10ಕ್ಕೂ ಹೆಚ್ಚು ಇಳಿಯಬೇಕು, ಹಗಲಿನ ಹರಕು ನಿದ್ದೆಯವರಿಗೆ ಆ ಇಳಿತ ಸರಿಯಾಗಿ ದೊರೆಯುವುದಿಲ್ಲ.

ಹನ್ನೊಂದು ಜನರಲ್ಲಿ ಐವರ ಅಂಕಿ ಗಡಿ ದಾಟಿತ್ತು. ಐವರಲ್ಲಿ ಒಬ್ಬರಿಗೂ ಮೊದಲು ಗೊತ್ತಿರಲಿಲ್ಲ, ನನ್ನನ್ನೂ ಸೇರಿಸಿ. ಇದು ನಮ್ಮ ಮಂಡಿಯ ವಿಚಿತ್ರವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದಲ್ಲಿ 30ರಿಂದ 79 ವಯಸ್ಸಿನ 18.8 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ. ಅವರಲ್ಲಿ ಶೇ 37ರಷ್ಟು ಜನರಿಗೆ ಮಾತ್ರ ಅದು ಪತ್ತೆಯಾಗಿದೆ, ಹತೋಟಿಯಲ್ಲಿರುವುದು ಶೇ 15ರಷ್ಟು ಜನರಿಗೆ. ತಲೆನೋವಿಲ್ಲ, ಜ್ವರವಿಲ್ಲ, ಆದುದರಿಂದ ಕಾಯಿಲೆಯೂ ಇಲ್ಲ ಎಂದು ಉಳಿದವರು ನಾಳೆಯೂ ಕೆಲಸಕ್ಕೆ ಹೋಗುತ್ತಾರೆ.

ಮೇಸ್ತ್ರಿಯನ್ನು ಒಪ್ಪಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಮ್ಲೋಡಿಪಿನ್ 5 ಮಿಲಿಗ್ರಾಂ ಕೊಟ್ಟರು, ನೋವಿನ ಮಾತ್ರೆ ನಿಲ್ಲಿಸಿ ಸೊಂಟಕ್ಕೆ ಬೇರೆ ಉಪಾಯ ಹೇಳಿದರು. ಮೂರು ವಾರದ ಮೇಲೆ ಪಾದ ಊದಿತೆಂದು ಮಾತ್ರೆಯನ್ನು ತಾವೇ ಬಿಟ್ಟರು, ನನಗೂ ಹೇಳಲಿಲ್ಲ. ಯಂತ್ರ ಹೇಳಿತು: 144ಕ್ಕೆ ಇಳಿದಿದ್ದುದು ಮತ್ತೆ 166. ಆ ಮಾತ್ರೆಯಿಂದ ಕೆಲವರಿಗೆ ಪಾದ ಊದುವುದುಂಟು, ವೈದ್ಯರಿಗೆ ಹೇಳಿದರೆ ಬದಲಿಸಿಕೊಡುತ್ತಾರೆ. ಬದಲಿಸಿಕೊಟ್ಟರು. ಫೆಬ್ರವರಿ ಕೊನೆಯ ವಾರ 138/88. ನಾನು ಈ ಯಂತ್ರವನ್ನು ಮೆಚ್ಚುವುದು ಎಲ್ಲಕ್ಕಿಂತ ಹೆಚ್ಚಾಗಿ ಆ ಒಂದು 166ಕ್ಕೆ. ಮೊದಲ ಪತ್ತೆಯನ್ನು ಯಾವ ಶಿಬಿರವೂ ಮಾಡೀತು. ಬಿಟ್ಟ ಮಾತ್ರೆಯನ್ನು ಹಿಡಿದುಕೊಡಲು ದಿನಾ ಕಣ್ಣೆದುರು ಇರುವ ಯಂತ್ರವೇ ಬೇಕು.

ಇನ್ನು ಉಳಿದ ಗುಣದೋಷ. ಪರದೆಯ ಅಂಕಿ ದೊಡ್ಡದು, ಕನ್ನಡಕವಿಲ್ಲದೆ ಓದಬಹುದು, ಆದರೆ ಹಿಂಬೆಳಕಿಲ್ಲ, ಗೋದಾಮಿನ ಮಬ್ಬಿನಲ್ಲಿ ಟಾರ್ಚು ಹಿಡಿಯಬೇಕು. ಎದೆಬಡಿತ ಏರುಪೇರಾದರೆ ಒಂದು ಗುರುತು ಮೂಡುತ್ತದೆ, ಅದು ಉಪಯೋಗಕ್ಕೆ ಬರುವಂಥದ್ದು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಹಲವು ಭಾಷೆಗಳಿವೆ, ಕನ್ನಡವಿಲ್ಲ. ಕೂರುವ ಕ್ರಮವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಸೆಲ್ ಶಕ್ತಿ ಕುಂದಿದಾಗ ಅಳತೆ ನಡುವೆಯೇ ನಿಂತು ತಪ್ಪು ಎಂದು ತೋರಿಸುತ್ತದೆ. ನಾಲ್ಕು ತಿಂಗಳಲ್ಲಿ ಮೂರು ಜೊತೆ ಸೆಲ್ ಆಯಿತು, ಕರೆಂಟಿನ ಅಡಾಪ್ಟರಿಗೆ ಬೇರೆ ಹಣ. ಮೊದಲ ಪಟ್ಟಿಯ ವೆಲ್ಕ್ರೋ ಅಡಿಕೆ ಧೂಳು ಕೂತು ಎರಡೇ ತಿಂಗಳಿಗೆ ಹಿಡಿತ ಕಳೆದುಕೊಂಡಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಮತ್ತೆ ಹಿಡಿಯುತ್ತದೆ.

ಯಜಮಾನರು ಹಮಾಲರ ಕೋಣೆಗೆಂದೇ ಇನ್ನೊಂದು ಯಂತ್ರ ಕೊಳ್ಳಲು ಮೊನ್ನೆ ಒಪ್ಪಿದರು. ಅವರ ಕೈಗೆ ಚೀಟಿ ಬರೆದುಕೊಟ್ಟಿದ್ದೇನೆ: ತೋಳಿಗೆ ಕಟ್ಟುವುದು, ಪಟ್ಟಿ 22ರಿಂದ 42 ಸೆಂಟಿಮೀಟರ್, ಅಡಾಪ್ಟರ್ ಸಹಿತ, ಜೊತೆಗೆ ಬೆನ್ನು ಒರಗುವ ಒಂದು ಕುರ್ಚಿ.